ಅಗೆಯದೆ ಉಳಿಸಿದ ನೆಲ

ಪ್ರಶ್ನೆ: ಪ್ರಾಚೀನ ನೆಲೆಯೊಂದು ಸಿಕ್ಕರೂ ಪುರಾತತ್ತ್ವ ಸಂಶೋಧಕರು ಅದನ್ನು ಪೂರ್ತಿ ಅಗೆಯುವುದಿಲ್ಲ. ಅಲ್ಲಲ್ಲಿ ಚೌಕಾಕಾರದ ಗುಂಡಿ ತೋಡಿ, ಕೊನೆಗೆ ಅದನ್ನೂ ಮುಚ್ಚಿಬಿಡುತ್ತಾರೆ. ಪರಂಪರೆಯನ್ನು ಹೀಗೆ ಮಣ್ಣಿನಡಿಯಲ್ಲೇ ಬಿಡುವುದು ಸರಿಯೇ?

ಉತ್ತರ: ಖಂಡಿತ ಸರಿ. ಒಂದು ಜಾಗವನ್ನು ಒಮ್ಮೆ ಅಗೆದರೆ ಮುಗಿಯಿತು. ತೆಗೆದ ಮಣ್ಣನ್ನು ಮತ್ತೆ ತುಂಬಬಹುದೇ ಹೊರತು ಅದು ಮೊದಲಿದ್ದ ಪದರಗಳ ಕ್ರಮವನ್ನು ಮರಳಿ ತರಲಾಗದು. ಪುರಾತತ್ತ್ವಜ್ಞರಿಗೆ ಬೇಕಾದ ಸಾಕ್ಷ್ಯ ಹೆಚ್ಚಾಗಿ ಇರುವುದು ಆ ಕ್ರಮದಲ್ಲೇ.

ಕರಣೆಯಿಂದ ನೆಲವನ್ನು ತೆಳುವಾಗಿ ಹೆರೆಯುತ್ತ ಹೋದಾಗ ಒಮ್ಮೊಮ್ಮೆ ಅಂಗೈಯಗಲದ, ಸುತ್ತಲಿನದಕ್ಕಿಂತ ಕಪ್ಪಾದ, ತುಸು ಸಡಿಲವಾದ ಮಣ್ಣಿನ ದುಂಡು ಗುರುತು ಕಾಣುತ್ತದೆ. ಅಲ್ಲಿ ನೆಟ್ಟಿದ್ದ ಮರದ ಕಂಬ ಎಂದೋ ಕೊಳೆತುಹೋಗಿದ್ದು, ಅದರ ಕುಳಿ ಮಾತ್ರ ಉಳಿದಿರುತ್ತದೆ. ಅಂಥ ಗುರುತುಗಳು ವೃತ್ತಾಕಾರದಲ್ಲಿ ಸಾಲಾಗಿ ಸಿಕ್ಕರೆ ಅಲ್ಲೊಂದು ಗುಡಿಸಲಿತ್ತೆಂದು ತಿಳಿಯುತ್ತದೆ. ಅದೇ ಜಾಗಕ್ಕೆ ಅವಸರದಲ್ಲಿ ಗುದ್ದಲಿ ಹಾಕಿದರೆ ಒಂದು ವಸ್ತುವೂ ಕಳೆಯದೆ ಇಡೀ ಮನೆಯೇ ಕಳೆದುಹೋಗುತ್ತದೆ.

ಅವಸರದ ಫಲವೇನೆಂಬುದಕ್ಕೆ ಟ್ರಾಯ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಇಂದಿನ ತುರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಒಂದರ ಮೇಲೊಂದರಂತೆ ಒಂಬತ್ತು ಮುಖ್ಯ ಪದರಗಳಿದ್ದವು. ಪ್ರಾಚೀನ ಗ್ರೀಕ್ ಕವಿ ಹೋಮರ್ ತನ್ನ ಯುದ್ಧಕಾವ್ಯದಲ್ಲಿ ಹಾಡಿದ ಟ್ರಾಯ್ ನಗರ ತಳದಲ್ಲೇ ಇರಬೇಕೆಂದು ನಂಬಿದ ಜರ್ಮನಿಯ ಹೈನ್ರಿಕ್ ಷ್ಲೀಮನ್ 1870ರಿಂದ 1873ರ ನಡುವೆ ದಿಬ್ಬವನ್ನು ಸೀಳಿ ಆಳವಾದ ಕಂದಕ ತೋಡಿಸಿದರು. ಅವರು ಆ ಕಾವ್ಯದಲ್ಲಿ ಬರುವ ಟ್ರಾಯ್ ದೊರೆ ಪ್ರಿಯಾಮನದೆಂದು ಸಾರಿದ ಚಿನ್ನ ಟ್ರಾಯ್ ಯುದ್ಧದ ಕಾಲವೆಂದು ಹೇಳಲಾಗುವ ಅವಧಿಗಿಂತ ಸಾವಿರ ವರ್ಷಕ್ಕೂ ಹೆಚ್ಚು ಹಿಂದಿನದಾಗಿತ್ತು. ಹುಡುಕುತ್ತಿದ್ದ ಕಾಲದ ಪದರಗಳ ಒಂದಷ್ಟು ಭಾಗವನ್ನು ಅವರ ಆಳುಗಳು ಆಗಲೇ ಅಗೆದು ಹೊರಹಾಕಿದ್ದರು.

ಮುಂದೆ ಬರಲಿರುವ ವಿಧಾನಗಳಿಗಾಗಿಯೂ ನೆಲವನ್ನು ಉಳಿಸಬೇಕು. ಚೀನಾದಲ್ಲಿ 1974ರಲ್ಲಿ ಬೆಳಕಿಗೆ ಬಂದ ಸುಟ್ಟ ಮಣ್ಣಿನ ಸೈನಿಕ ಪ್ರತಿಮೆಗಳ ಮೈಮೇಲೆ ಬಣ್ಣವಿತ್ತು. ಹೊರಗಿನ ಒಣಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಅದರಡಿಯ ಮರದ ರಸದ ಮೆರುಗು ಲೇಪ ಮುರುಟಿ, ಬಣ್ಣವೂ ಕಳಚಿ ಬೀಳುತ್ತಿತ್ತು. ಅದನ್ನು ಹಿಡಿದಿಡುವ ರಾಸಾಯನಿಕ ಉಪಾಯಗಳು ಸಿದ್ಧವಾದದ್ದು ಎಷ್ಟೋ ಕಾಲದ ಮೇಲೆ. ಆ ಸೈನಿಕ ಪ್ರತಿಮೆಗಳನ್ನು ಯಾರಿಗಾಗಿ ಹೂಳಲಾಗಿತ್ತೋ ಆ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯನ್ನು ಇಂದಿಗೂ ತೆರೆಯದಿರುವುದು ವಿವೇಕದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಕಲ್ಲಿನ ಕೊಡಲಿಯ ವಯಸ್ಸನ್ನು ಇದ್ದಿಲಿನಿಂದ ಹೇಗೆ ನಿರ್ಧರಿಸುತ್ತಾರೆ?

ಉತ್ತರ: ಜೀವಿ ಸತ್ತ ಮೇಲೆ ಅದರಲ್ಲಿರುವ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇದನ್ನು ಬಳಸಿ ಕಾಲ ನಿರ್ಣಯಿಸುವ ವಿಧಾನಕ್ಕಾಗಿ ವಿಲ್ಲರ್ಡ್ ಲಿಬ್ಬಿ ಅವರಿಗೆ 1960ರ ನೊಬೆಲ್ ಪ್ರಶಸ್ತಿ ಸಂದಿತು. ಸುಮಾರು 50,000 ವರ್ಷಗಳವರೆಗೆ ಮಾತ್ರ ಇದು ನಡೆಯುತ್ತದೆ, ಕಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ. ಕೊಡಲಿಯ ಜೊತೆಗೆ ಅದೇ ಪದರದಲ್ಲಿ ಸಿಕ್ಕ ಇದ್ದಿಲಿನ ಕಾಲವನ್ನು ಅಳೆದು ಕೊಡಲಿಯ ಕಾಲವನ್ನು ಊಹಿಸುತ್ತಾರೆ. ಹೆಗ್ಗಣದ ಬಿಲದ ಮೂಲಕ ಮೇಲಿನ ಪದರದ ಚೂರು ಕೆಳಗಿಳಿದಿದ್ದರೆ ಲೆಕ್ಕ ತಪ್ಪುತ್ತದೆ. ಇದ್ದಿಲು ಹಳೆಯ ಮರದ ತಿರುಳಿನದಾಗಿದ್ದರೆ ಒಲೆ ಉರಿದ ದಿನಕ್ಕಿಂತ ನೂರಾರು ವರ್ಷ ಹಿಂದಿನ ಕಾಲ ಬರಬಹುದು. ಆದ್ದರಿಂದ ಒಂದೇ ವರ್ಷದ ಬೆಳೆಯಾದ ಸುಟ್ಟ ಧಾನ್ಯದ ಕಾಳು ಸಿಕ್ಕರೆ, ಸಂಶೋಧಕರು ಇದ್ದಿಲನ್ನು ಬಿಟ್ಟು ಅದನ್ನೇ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ.