ನಕಲು ಮುಗಿಯುವ ಮುನ್ನವೇ ಯೀಸ್ಟ್ ಕೋಶ ಇಬ್ಭಾಗವಾಗದಂತೆ ತಡೆಯುವುದು ಯಾವುದು?

ಪ್ರಶ್ನೆ: ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಅನುಕೂಲ ಪರಿಸ್ಥಿತಿಯಲ್ಲಿ ಒಂದೂವರೆ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆಂದು ಓದಿದ್ದೇನೆ. ಇಷ್ಟು ಅವಸರದ ನಡುವೆ ಡಿಎನ್‌ಎ ನಕಲು ಪೂರ್ತಿಯಾಗಿದೆ ಎಂಬುದು ಕೋಶಕ್ಕೆ ಹೇಗೆ ತಿಳಿಯುತ್ತದೆ?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಕಟ್ಟುನಿಟ್ಟಾಗಿ ಹೇಳುವುದಾದರೆ, ನಕಲು ಪೂರ್ತಿಯಾಗಿದೆ ಎಂಬುದು ಕೋಶಕ್ಕೆ ತಿಳಿಯುವುದೇ ಇಲ್ಲ, ಅದಕ್ಕೆ ತಿಳಿಯುವುದು ನಕಲಿನ ಕೆಲಸ ಇನ್ನೂ ನಡೆಯುತ್ತಿದೆ ಅಥವಾ ನಡುವೆ ಸಿಕ್ಕಿಬಿದ್ದಿದೆ ಎಂಬುದು ಮಾತ್ರ.

ಈ ಯೀಸ್ಟ್ ಮೊಗ್ಗು ಬಿಟ್ಟು ಬೆಳೆಯುವ ಜೀವಿಯಾದ್ದರಿಂದ, ಮೊಗ್ಗಿನ ಗಾತ್ರ ನೋಡಿಯೇ ಕೋಶ ಯಾವ ಹಂತದಲ್ಲಿದೆಯೆಂದು ಸೂಕ್ಷ್ಮದರ್ಶಕದಲ್ಲಿ ಊಹಿಸಬಹುದು. ತಳಿವಿಜ್ಞಾನಿ ಲೆಲ್ಯಾಂಡ್ ಹಾರ್ಟ್‌ವೆಲ್ ಅಮೆರಿಕದ ಸಿಯಾಟಲ್‌ನಲ್ಲಿ ಈ ಅನುಕೂಲವನ್ನೇ ಬಳಸಿಕೊಂಡು, ಬಿಸಿ ಏರಿಸಿದೊಡನೆ ಒಂದು ನಿರ್ದಿಷ್ಟ ಹಂತದಲ್ಲಿ ನಿಂತುಬಿಡುವ ರೂಪಾಂತರಿ ತಳಿಗಳನ್ನು ಹೆಕ್ಕಿ ತೆಗೆದರು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆತದ್ದು ಇಂಥ ಕೆಲಸಕ್ಕಾಗಿಯೇ. ಆ ತಳಿಗಳಿಂದ ತಿಳಿದುಬಂದ ವಂಶವಾಹಿಗಳಲ್ಲಿ ಮುಖ್ಯವಾದದ್ದು ಸಿಡಿಸಿ28. ಅದು ರೂಪಿಸುವ ಕೈನೇಸ್ ಕಿಣ್ವ (ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ಕೆಲಸ ಬದಲಿಸುವಂಥದ್ದು) ಒಂಟಿಯಾಗಿ ನಿಷ್ಕ್ರಿಯ. ಸೈಕ್ಲಿನ್ ಎಂಬ ಪ್ರೋಟೀನುಗಳು ಜೊತೆಗೂಡಿದಾಗಲೇ ಅದಕ್ಕೆ ಕಸುವು ಬರುತ್ತದೆ.

ನಕಲು ಆರಂಭವಾಗುವ ನೂರಾರು ತಾಣಗಳ ಮೇಲೆ ಎಂಸಿಎಂ ಎಂಬ ಉಂಗುರಾಕಾರದ ಪ್ರೋಟೀನು ಕೂರುವುದು ಈ ಕೈನೇಸ್ ಮಂಕಾಗಿರುವಾಗ ಮಾತ್ರ. ಮುಂದೆ ಸಿಎಲ್‌ಬಿ5, ಸಿಎಲ್‌ಬಿ6 ಎಂಬ ಸೈಕ್ಲಿನ್‌ಗಳೊಡನೆ ಕೈನೇಸ್ ಚುರುಕಾದಾಗ, ಕುಳಿತ ಉಂಗುರಗಳು ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವ ಕೆಲಸಕ್ಕಿಳಿಯುತ್ತವೆ, ಹೊಸ ಉಂಗುರಗಳು ಕೂರುವ ದಾರಿಯೂ ಮುಚ್ಚುತ್ತದೆ. ಮತಗಟ್ಟೆಯಲ್ಲಿ ಮತ ಹಾಕಲು ಬಿಡುವ ಕೈಯೇ ಬೆರಳಿಗೆ ಶಾಯಿಯನ್ನೂ ಹಚ್ಚಿದಂತೆ ಇದು: ಆ ಸುತ್ತಿನಲ್ಲಿ ಯಾವ ತುಣುಕೂ ಎರಡನೆಯ ಸಲ ನಕಲಾಗುವಂತಿಲ್ಲ. ಕೋಶ ಇಬ್ಭಾಗವಾಗುವ ಹೊತ್ತಿಗೆ ಸೈಕ್ಲಿನ್‌ಗಳು ನಾಶವಾಗಿ ಕೈನೇಸ್ ಮತ್ತೆ ಮಂಕಾಗುವುದರಿಂದ, ಉಂಗುರಗಳು ಮತ್ತೆ ಕೂರಲು ಪರವಾನಗಿ ಸಿಗುವುದು ವಿಭಜನೆಯ ನಂತರವೇ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಯೀಸ್ಟ್‌ಗೆ ಹೈಡ್ರಾಕ್ಸಿಯೂರಿಯಾ ಬೆರೆಸಿದರೆ ಡಿಎನ್‌ಎ ಕಟ್ಟುವ ಸಾಮಗ್ರಿಯ ಪೂರೈಕೆ ಕುಸಿದು ನಕಲು ಅರ್ಧದಲ್ಲೇ ನಿಲ್ಲುತ್ತದೆ. ಕೆಲವು ಗಂಟೆಗಳ ಬಳಿಕ ನೋಡಿದರೆ, ಮೊಗ್ಗು ತಾಯಿಕೋಶದಷ್ಟೇ ದಪ್ಪವಾಗಿ ಬೆಳೆದಿರುತ್ತದೆ, ಆದರೆ ಒಂದೇ ನ್ಯೂಕ್ಲಿಯಸ್ ಎರಡರ ನಡುವಿನ ಕತ್ತಿನ ಬಳಿ ಕದಲದೆ ನಿಂತಿರುತ್ತದೆ. ಸಿಕ್ಕಿಬಿದ್ದ ನಕಲು-ಕವಲುಗಳಲ್ಲಿ (ಡಿಎನ್‌ಎ ಎಳೆಗಳು ಬೇರ್ಪಟ್ಟು ನಕಲಾಗುತ್ತಿರುವ ಕಡೆ) ಬೆತ್ತಲಾಗಿ ಉಳಿದ ಒಂಟಿ ಎಳೆಗಳನ್ನು ಗುರುತಿಸುವ ಎಂಇಸಿ1, ಅದು ಎಚ್ಚರಿಸುವ ರಾಡ್53 ಎಂಬ ಪ್ರೋಟೀನುಗಳೆರಡೂ ವರ್ಣತಂತುಗಳನ್ನು ಎಳೆಯುವ ಕದಿರು ಉದ್ದವಾಗದಂತೆ ಹಿಡಿದಿಟ್ಟಿರುತ್ತವೆ. ಎಂಇಸಿ1 ಕೆಟ್ಟ ತಳಿಯಲ್ಲಿ ಈ ತಡೆಯಿಲ್ಲ. ಅರೆನಕಲಿನ ವರ್ಣತಂತುಗಳನ್ನೇ ಎಳೆದಾಡಿ ಅದು ಸಾಯುತ್ತದೆ.

ಹಾಗಾದರೆ ನಕಲು ಶುರುವೇ ಆಗದಿದ್ದರೆ? ಉಂಗುರಗಳನ್ನು ಕೂರಿಸಲು ಬೇಕಾದ ಸಿಡಿಸಿ6 ಪ್ರೋಟೀನನ್ನು ಮೊದಲೇ ಇಲ್ಲವಾಗಿಸಿದ ಪ್ರಯೋಗದ ಫಲಿತಾಂಶ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕವಲೇ ಇಲ್ಲದ ಮೇಲೆ ಎಚ್ಚರಿಕೆಯೂ ಇಲ್ಲ. ಮೊಗ್ಗು ಎಂದಿನಂತೆ ಬೆಳೆಯುತ್ತದೆ, ಕದಿರು ಎಂದಿನಂತೆ ಚಾಚಿಕೊಳ್ಳುತ್ತದೆ, ಜೋಡಿಯಿಲ್ಲದ 16 ವರ್ಣತಂತುಗಳು ಕೆಲವು ತಾಯಿಕೋಶಕ್ಕೆ, ಕೆಲವು ಮೊಗ್ಗಿಗೆ ಸಿಕ್ಕಂತೆ ಹಂಚಿಹೋಗುತ್ತವೆ.