ಮೊದಲು ಕೈ, ಆಮೇಲೆ ಮಾತು

ತಮ್ಮಾ,

ನೀನು ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ನೀನು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿಗೆ ಬಂದು ಮೂರು ತಿಂಗಳು. ಮೊನ್ನೆ ಆಫೀಸಿನ ಗೆಳೆಯನ ಕಾರಿನಲ್ಲಿ ಬರುವಾಗ ಹಿಂದಿನಿಂದ ನೀಲಿ ದೀಪ ಬಿತ್ತು. ಪೊಲೀಸ್ ಕಿಟಕಿಯ ಹತ್ತಿರ ಬಂದ ಕೂಡಲೇ ಗೆಳೆಯ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ತನಗೆ ಪಿಸ್ತೂಲನ್ನು ಮರೆಮಾಡಿ ಒಯ್ಯುವ ಪರ್ಮಿಟ್ ಇದೆ, ಈಗ ಅದು ಸೊಂಟದಲ್ಲಿದೆ ಅಂತ ತಾನಾಗಿಯೇ ಹೇಳಿದ. ಅಲ್ಲಿವರೆಗೂ ನಿನಗೆ ಆ ವಿಷಯ ಗೊತ್ತೇ ಇರಲಿಲ್ಲ. ಯಾಕೆ ಹೇಳಬೇಕು, ಹೇಳದಿದ್ದರೆ ಏನಾಗುತ್ತಿತ್ತು, ನಾನೂ ಒಂದು ಇಟ್ಟುಕೊಳ್ಳಬಹುದಾ, ಅವನ ಕಾರು ಹತ್ತುವುದನ್ನು ಬಿಡಬೇಕಾ ಅಂತ ಕೇಳಿದ್ದೀಯ.

ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನನಗೆ ಭಯ ಆಗಿದ್ದು ಅದನ್ನು ಓದಿ. ನೀನು ಎಚ್-1ಬಿ ವೀಸಾದಲ್ಲಿ ಇದ್ದೀಯ. ಇಟ್ಟುಕೊಳ್ಳುವಂತಿಲ್ಲ. ಇದು ಯಾವುದೋ ಒಂದು ರಾಜ್ಯದ ನಿಯಮ ಅಲ್ಲ, ಇಡೀ ದೇಶದ ಕಾನೂನು. ನಿನ್ನಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ಕೈಯಲ್ಲಿ, ಮನೆಯಲ್ಲಿ, ಕಾರಿನಲ್ಲಿ ಇಟ್ಟುಕೊಂಡರೆ ಅಪರಾಧ. 2022ರಲ್ಲಿ ಇದರ ಗರಿಷ್ಠ ಶಿಕ್ಷೆಯನ್ನು 10 ವರ್ಷದಿಂದ 15 ವರ್ಷಕ್ಕೆ ಏರಿಸಿದರು. ಜೈಲಿನ ಮಾತು ಒಂದು ಕಡೆ ಇರಲಿ, ಬಂದೂಕಿನ ಕೇಸಿನಲ್ಲಿ ಶಿಕ್ಷೆಯಾದರೆ ದೇಶದಿಂದಲೇ ಕಳಿಸಿಬಿಡುತ್ತಾರೆ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ ನಿಜ. ಆದರೆ ಅದನ್ನು ಯಾರದ್ದೋ ಬಾಯಿಮಾತಿನ ಮೇಲೆ ನಂಬಬೇಡ, ವಲಸೆ ವಕೀಲರನ್ನು ಕೇಳದೆ ಆ ದಾರಿಗೆ ಹೋಗಲೇಬೇಡ. ಗ್ರೀನ್ ಕಾರ್ಡ್ ಬಂದ ಮೇಲೆ ಮಾತು ಬೇರೆ.

ಆಫೀಸಿನವರು ಶನಿವಾರ ಶೂಟಿಂಗ್ ರೇಂಜಿಗೆ ಕರೆಯುತ್ತಾರೆ. ಅಲ್ಲಿ ಬಾಡಿಗೆ ಪಿಸ್ತೂಲ್ ಕೈಗೆ ತಗೊಂಡು ಎರಡು ಗುಂಡು ಹೊಡೆದರೂ ಅದು ಇಟ್ಟುಕೊಂಡ ಲೆಕ್ಕಕ್ಕೇ ಬರುತ್ತದೆ. ನಮ್ಮ ಹುಡುಗರು ಎಷ್ಟೋ ಜನ ಗೊತ್ತಿಲ್ಲದೆ ಹೋಗಿ, ಫೋಟೋ ತೆಗೆಸಿಕೊಂಡು, ಆನ್‌ಲೈನ್‌ನಲ್ಲಿ ಹಾಕಿಯೂ ಬಿಡುತ್ತಾರೆ. ನೀನು ಹಾಗೆ ಮಾಡಬೇಡ.

ನಿನಗೆ ಇದು ವಿಚಿತ್ರ ಅನ್ನಿಸುತ್ತದೆ ಅಂತ ಗೊತ್ತು. ನೀನು ವಿರಾಜಪೇಟೆ ಕಡೆಯ ಕೊಡವರ ಮನೆ ಹುಡುಗ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಕೈಮುಗಿದು ಬೆಳೆದವನು. ನಿಮಗೆ ಲೈಸೆನ್ಸೇ ಬೇಡ, ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಈಗ 2029ರವರೆಗೆ ಮುಂದುವರಿಸಿದ್ದಾರೆ. ನನ್ನದು ಪಕ್ಕದ ಸಕಲೇಶಪುರ. ನಮ್ಮ ತೋಟದ ಮನೆಯಲ್ಲೂ ಒಂಟಿ ನಳಿಗೆಯ ಕೋವಿ ಇತ್ತು. ಆದರೆ ಅಪ್ಪ ಲೈಸೆನ್ಸ್ ಪುಸ್ತಕವನ್ನು ಜಮೀನಿನ ಪತ್ರದ ಜೊತೆ ಬೀರುವಿನಲ್ಲಿ ಇಡುತ್ತಿದ್ದರು. ಚುನಾವಣೆ ಬಂತೆಂದರೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಕೋವಿ ನಮ್ಮಿಬ್ಬರಿಗೂ ಹೊಸದಲ್ಲ. ಆದರೆ ಅಲ್ಲಿ ಕೋವಿ ಅಂದರೆ ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವ ವಸ್ತು. ಇಲ್ಲಿ ಅಂಗಿಯ ಕೆಳಗೆ ಕಾಣದ ಹಾಗೆ ಇರುತ್ತದೆ. ಹೇಳುವ ಪ್ರಶ್ನೆ ಹುಟ್ಟುವುದೇ ಅದು ಕಾಣುವುದಿಲ್ಲ ಅನ್ನುವುದರಿಂದ.

ಈಗ ನಿನ್ನ ಗೆಳೆಯ ಯಾಕೆ ಹೇಳಿದ ಅನ್ನುವುದಕ್ಕೆ ಬರುತ್ತೇನೆ. ನಾರ್ತ್ ಕ್ಯಾರೊಲೈನಾದ ಕಾನೂನು ಹಾಗೆ ಇದೆ. ಪರ್ಮಿಟ್ ಪಡೆದು ಪಿಸ್ತೂಲನ್ನು ಮರೆಮಾಡಿ ಇಟ್ಟುಕೊಂಡವರು, ಪೊಲೀಸ್ ಹತ್ತಿರ ಬಂದಾಗ ಅಥವಾ ಮಾತನಾಡಿಸಿದಾಗ, ಅವರು ಕೇಳುವ ಮೊದಲೇ ಎರಡು ವಿಷಯ ಹೇಳಬೇಕು: ಪರ್ಮಿಟ್ ಇದೆ, ಈಗ ಪಿಸ್ತೂಲ್ ಜೊತೆಯಲ್ಲಿದೆ. ಕೇಳಿದರೆ ಪರ್ಮಿಟ್ಟನ್ನೂ ಗುರುತಿನ ಚೀಟಿಯನ್ನೂ ತೋರಿಸಬೇಕು. ಹಾಗಾಗಿ ನಿನ್ನ ಗೆಳೆಯ ಮಾಡಿದ್ದು ಸರಿಯಾಗಿಯೇ ಇದೆ. ಇದೇ ಹುಡುಗ ಉತ್ತರಕ್ಕೆ ಗಡಿ ದಾಟಿ ವರ್ಜೀನಿಯಾಕ್ಕೆ ಹೋದರೆ ತಾನಾಗಿ ಹೇಳಬೇಕಿಲ್ಲ, ಕೇಳಿದರೆ ತೋರಿಸಬೇಕು ಅಷ್ಟೆ. ದಕ್ಷಿಣಕ್ಕೆ ಸೌತ್ ಕ್ಯಾರೊಲೈನಾದಲ್ಲಿ ಹೇಳಬೇಕು ಅಂತ ಇತ್ತು, 2024ರಲ್ಲಿ ತೆಗೆದರು. ಒಹಾಯೊದಲ್ಲಿ 2022ರ ಜೂನ್‌ನಿಂದ ಕೇಳಿದರೆ ಮಾತ್ರ. ಮಿಷಿಗನ್‌ನಲ್ಲಿ ಕೂಡಲೇ ಹೇಳದಿದ್ದರೆ ಮೊದಲ ಸಲಕ್ಕೇ 500 ಡಾಲರ್ ದಂಡ, ಆರು ತಿಂಗಳು ಪರ್ಮಿಟ್ ಅಮಾನತು. ಒಂದೇ ದೇಶ, ಒಂದೇ ಹೆದ್ದಾರಿ, ಆದರೆ ಗಡಿಯ ಬೋರ್ಡು ದಾಟಿದರೆ ಕಾನೂನು ಬೇರೆ. ನ್ಯೂಜೆರ್ಸಿ, ಮೇರಿಲ್ಯಾಂಡ್ ಅಂತೂ ನಮ್ಮ ಪರ್ಮಿಟ್ಟನ್ನು ಒಪ್ಪುವುದೇ ಇಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನನ್ನ ತಂಗಿಯ ಮನೆಗೆ ಹೋಗುವಾಗ ನಾನು ಪಿಸ್ತೂಲನ್ನು ಮನೆಯ ತಿಜೋರಿಯಲ್ಲೇ ಬಿಟ್ಟು ಹೊರಡುತ್ತೇನೆ.

ಹೌದು, ನನ್ನ ಹತ್ತಿರವೂ ಇದೆ. ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಹೊರಟರೆ ಮನೆಗೆ ನಲವತ್ತು ನಿಮಿಷ, ಅದರಲ್ಲಿ ಅರ್ಧ ದಾರಿಗೆ ದೀಪವಿಲ್ಲ. ಪೌರತ್ವ ಬಂದ ಎರಡು ವರ್ಷಕ್ಕೆ, 2015ರಲ್ಲಿ, ತರಗತಿಗೆ ಹೋಗಿ, ಬೆರಳಚ್ಚು ಕೊಟ್ಟು, ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥ ಶೆರಿಫ್ ಆಫೀಸಿನಿಂದ ಪರ್ಮಿಟ್ ಪಡೆದೆ. ಐದು ವರ್ಷಕ್ಕೊಮ್ಮೆ ನವೀಕರಣ. ತರಗತಿಯಲ್ಲಿ ಹೇಳಬೇಕು ಅನ್ನುವುದನ್ನು ಚೆನ್ನಾಗಿ ಕಲಿಸಿದರು. ಹೇಗೆ ಹೇಳಬೇಕು ಅನ್ನುವುದು ನನಗೆ ಆ ದಿನ ತಲೆಗೆ ಹೋಗಲಿಲ್ಲ.

2016ರ ಮಾರ್ಚ್‌ನಲ್ಲಿ ಒಂದು ರಾತ್ರಿ ನನ್ನನ್ನು ನಿಲ್ಲಿಸಿದರು. ವೇಗ ಜಾಸ್ತಿಯಾಗಿತ್ತು, ತಪ್ಪು ನನ್ನದೇ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಆಗ ಪಿಸ್ತೂಲನ್ನು ಡ್ಯಾಶ್‌ಬೋರ್ಡಿನ ಗ್ಲವ್ ಬಾಕ್ಸಿನಲ್ಲಿ ಇಡುತ್ತಿದ್ದೆ. ಕಾರಿನ ರಿಜಿಸ್ಟ್ರೇಷನ್ ಕಾಗದವೂ ಅಲ್ಲೇ. ಆಫೀಸರ್ ಲೈಸೆನ್ಸ್, ರಿಜಿಸ್ಟ್ರೇಷನ್ ಕೇಳಿದರು. ನಾನು ಗಾಬರಿಯಲ್ಲಿ, 'ಗನ್ ಇದೆ' ಅಂದೆ. ಹಾಗೆ ಅನ್ನುತ್ತಲೇ ಕಾಗದ ತೆಗೆಯಲು ಗ್ಲವ್ ಬಾಕ್ಸ್ ಕಡೆ ಕೈ ಚಾಚಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ಕೈ ಸೊಂಟಕ್ಕೆ ಹೋಯಿತು. ಕೈ ಕಾಣಿಸಲಿ ಅಂತ ಕೂಗಿದರು. ಆ ಕೂಗಿಗೆ ಮಗಳು ಎದ್ದು ಅಳಲು ಶುರು ಮಾಡಿದಳು. ನಾನು ಕೈ ಮೇಲೆತ್ತಿ ಕಲ್ಲಿನ ಹಾಗೆ ಕೂತೆ. ಆಮೇಲೆ ನನ್ನನ್ನು ಇಳಿಸಿ, ರಸ್ತೆ ಬದಿಯಲ್ಲಿ ನಿಲ್ಲಿಸಿ, ಪಿಸ್ತೂಲ್ ತೆಗೆದು, ಪರ್ಮಿಟ್ ನೋಡಿ, ಕೊನೆಗೆ ವಾಪಸ್ ಕೊಟ್ಟು ಕಳಿಸಿದರು. ಮನೆಗೆ ಬಂದು ಎಷ್ಟೋ ಹೊತ್ತು ಕೈ ನಡುಗುತ್ತಿತ್ತು.

ಇದಾಗಿ ನಾಲ್ಕು ತಿಂಗಳಿಗೆ, ಜುಲೈ 6ರಂದು, ಮಿನೆಸೋಟಾದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಅವರನ್ನು ನಿಲ್ಲಿಸಿದರು. 32 ವರ್ಷದ ಕಪ್ಪು ಯುವಕ, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ನಿಲ್ಲಿಸಲು ಹೇಳಿದ ಕಾರಣ ಬ್ರೇಕ್ ದೀಪ. ಅವರಿಗೆ ಪರ್ಮಿಟ್ ಇತ್ತು. ಮಿನೆಸೋಟಾದಲ್ಲಿ ಕೇಳದೆ ಹೇಳುವ ಅಗತ್ಯವೂ ಇರಲಿಲ್ಲ. ಆದರೂ ತಾವಾಗಿಯೇ, ಮರ್ಯಾದೆಯಿಂದ, ನನ್ನ ಹತ್ತಿರ ಬಂದೂಕು ಇದೆ ಅಂತ ಹೇಳಿದರು. ಅದಕ್ಕೆ ಕೈ ಹಾಕಬೇಡ ಅಂತ ಆಫೀಸರ್ ಅಂದರು. ಹಾಕುತ್ತಿಲ್ಲ ಅಂತ ಇವರು ಅಂದರು. ಕೆಲವೇ ಸೆಕೆಂಡಿನಲ್ಲಿ ಏಳು ಗುಂಡು. ಪಕ್ಕದಲ್ಲಿ ಗೆಳತಿ, ಹಿಂದಿನ ಸೀಟಿನಲ್ಲಿ ಅವಳ ನಾಲ್ಕು ವರ್ಷದ ಮಗಳು. ಮುಂದಿನ ವರ್ಷ ಜೂನ್‌ನಲ್ಲಿ ಜ್ಯೂರಿ ಆ ಆಫೀಸರನ್ನು ನಿರ್ದೋಷಿ ಅಂತ ಬಿಟ್ಟಿತು.

ಪೊಲೀಸ್ ಕಾರಿನ ವಿಡಿಯೋ ಆಮೇಲೆ ಹೊರಗೆ ಬಂತು. ನಾನು ಅದನ್ನು ಒಂದೇ ಸಲ ನೋಡಿದ್ದು. ಕೈ ಚಾಚಿದವಳು ನಾನು, ಬದುಕಿದ್ದೇನೆ. ಸಮಾಧಾನವಾಗಿ ಹೇಳಿದವರು ಕ್ಯಾಸ್ಟೀಲ್, ಅವರು ಉಳಿಯಲಿಲ್ಲ. ಈ ನೋವು ನನಗೆ ಇವತ್ತಿಗೂ ಹೋಗಿಲ್ಲ. ಕೆಲವು ತಿಂಗಳು ಪಿಸ್ತೂಲನ್ನು ಮುಟ್ಟಲೇ ಇಲ್ಲ. ಹೇಳಿದರೆ ಕ್ಷೇಮ ಅಂತ ನಿನಗೆ ಮಾತು ಕೊಡಲಾರೆ, ತಮ್ಮ. ಅದು ಸುಳ್ಳಾಗುತ್ತದೆ. ಕಾನೂನು ನಮ್ಮ ಬಾಯಿಗೆ ಮಾತು ಕೊಟ್ಟಿದೆ. ಆ ಮಾತನ್ನು ಕೇಳುವವರಿಗೆ ಗಾಬರಿಯಾಗದೆ ನಿಲ್ಲುವುದನ್ನು ಕಲಿಸುವುದು ಅವರ ಇಲಾಖೆಯ ಹೊಣೆ, ಅದನ್ನು ನಾವು ಒತ್ತಿ ಕೇಳಲೇಬೇಕು. ನಮ್ಮ ಮೈಬಣ್ಣ, ನಮ್ಮ ಉಚ್ಚಾರ ಆ ಕತ್ತಲಲ್ಲಿ ಹೇಗೆ ಕಾಣುತ್ತದೆ, ಕೇಳುತ್ತದೆ ಅನ್ನುವುದೂ ನಮ್ಮ ಕೈಯಲ್ಲಿಲ್ಲ.

ಆದರೂ ನಾನು ಹೇಳುತ್ತೇನೆ. ಇಲ್ಲಿ ಕಾನೂನು ಅನ್ನುವುದು ಒಂದು ಕಾರಣ. ಬಗ್ಗಿದಾಗ ಅಂಗಿ ಸರಿದು ಪೊಲೀಸಿಗೆ ತಾನಾಗಿ ಕಂಡುಬಿಟ್ಟರೆ ಇನ್ನೂ ಅಪಾಯ ಅನ್ನುವುದು ಇನ್ನೊಂದು. ಅದೂ ಅಲ್ಲದೆ ಪರ್ಮಿಟ್ಟಿನ ವಿವರ ಪೊಲೀಸರ ದಾಖಲೆಯಲ್ಲಿ ಇರುತ್ತದೆ, ಲೈಸೆನ್ಸ್ ನೋಡುವಾಗ ಅವರಿಗೆ ಗೊತ್ತಾಗಬಹುದು. ನಾನು ಬದಲಾಯಿಸಿಕೊಂಡಿದ್ದು ಹೇಳುವ ಕ್ರಮವನ್ನು. ನೀಲಿ ದೀಪ ಕಂಡ ಕೂಡಲೇ ಸಿಗ್ನಲ್ ಹಾಕಿ ಬಲಕ್ಕೆ ನಿಲ್ಲಿಸುತ್ತೇನೆ. ಎಂಜಿನ್ ಆಫ್, ಕಿಟಕಿ ಕೆಳಗೆ, ರಾತ್ರಿಯಾದರೆ ಒಳಗಿನ ದೀಪ. ಎರಡೂ ಕೈ ಸ್ಟಿಯರಿಂಗ್ ಮೇಲೆ, ಬೆರಳು ಬಿಡಿಸಿ. ಅವರು ಬರುವ ಮೊದಲು ಪರ್ಸು ಹುಡುಕುವುದಿಲ್ಲ. ಮೊದಲ ಮಾತಿನಲ್ಲಿ 'ಗನ್' ಅನ್ನುವ ಪದವನ್ನೇ ತರುವುದಿಲ್ಲ. ಆ ಪದ ಕಿವಿಗೆ ಬಿದ್ದರೆ ಅದರ ಹಿಂದೆ ಮುಂದೆ ಇರುವುದು ಕೇಳಿಸುವುದಿಲ್ಲ. 'ಆಫೀಸರ್, ನನಗೆ ಕನ್ಸೀಲ್ಡ್ ಕ್ಯಾರಿ ಪರ್ಮಿಟ್ ಇದೆ, ಈಗ ಕ್ಯಾರಿ ಮಾಡುತ್ತಿದ್ದೇನೆ, ಬಲಸೊಂಟದಲ್ಲಿದೆ. ಲೈಸೆನ್ಸ್ ಪಕ್ಕದ ಸೀಟಿನ ಬ್ಯಾಗಿನಲ್ಲಿದೆ. ನಾನು ಏನು ಮಾಡಬೇಕು ಹೇಳಿ' ಅನ್ನುತ್ತೇನೆ. ಅವರು ಹೇಳುವವರೆಗೆ ಕೈ ಅಲ್ಲಾಡುವುದಿಲ್ಲ. ರಿಜಿಸ್ಟ್ರೇಷನ್ ಕಾಗದ ಈಗ ತಲೆಯ ಮೇಲಿನ, ಬಿಸಿಲು ತಡೆಯುವ ಸನ್ ವೈಸರ್‌ನಲ್ಲಿ ಸಿಕ್ಕಿಸಿದೆ.

2019ರ ಚಳಿಗಾಲದಲ್ಲಿ ಮತ್ತೆ ನಿಲ್ಲಿಸಿದಾಗ ಹೀಗೇ ಮಾಡಿದೆ. ಆ ಆಫೀಸರ್, ಸರಿ, ಅದು ಇದ್ದಲ್ಲೇ ಇರಲಿ, ನಿಧಾನವಾಗಿ ಲೈಸೆನ್ಸ್ ತೆಗೆಯಿರಿ ಅಂದರು. ನಾಲ್ಕು ನಿಮಿಷದಲ್ಲಿ ಎಚ್ಚರಿಕೆ ಚೀಟಿ ಕೊಟ್ಟು ಕಳಿಸಿದರು. ಕೆಲವರು ಇಳಿಯಲು ಹೇಳಬಹುದು, ಪಿಸ್ತೂಲನ್ನು ತಾತ್ಕಾಲಿಕವಾಗಿ ತಗೊಳ್ಳಬಹುದು. ರಸ್ತೆಬದಿಯಲ್ಲಿ ವಾದ ಬೇಡ. ಇಳಿಯಿರಿ ಅನ್ನುವ ಅಧಿಕಾರ ಅವರಿಗೆ ಇದೆ ಅಂತ ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. ತಕರಾರಿದ್ದರೆ ಮಾರನೆಯ ದಿನ ವಕೀಲರ ಮೂಲಕ.

ಪಿಸ್ತೂಲ್ ಇಲ್ಲದ ನಿನಗೂ ಇದರಲ್ಲಿ ಬೇಕಾದ್ದು ಇದೆ. ಊರಲ್ಲಿ ಪೊಲೀಸ್ ಕೈ ಅಡ್ಡ ಹಾಕಿದರೆ ನಾವು ಇಳಿದು, ಕಾಗದ ಹಿಡಿದು, ಸಾರ್ ಅನ್ನುತ್ತಾ ಅವರ ಹತ್ತಿರ ಹೋಗುತ್ತೇವೆ. ಅದೇ ನಮ್ಮ ಮರ್ಯಾದೆ. ಇಲ್ಲಿ ಹೇಳದೆ ಇಳಿದರೆ ಅದೇ ಅವರಿಗೆ ಬೆದರಿಕೆಯ ಹಾಗೆ ಕಾಣುತ್ತದೆ. ನಮ್ಮ ಮಾವನವರು ಬಂದಿದ್ದಾಗ ಒಮ್ಮೆ ನನ್ನ ಗಂಡನನ್ನು ನಿಲ್ಲಿಸಿದರು. ಮಾವ, 'ನಾನು ಮಾತಾಡ್ತೀನಿ ಇರು' ಅಂತ ಕೈಮುಗಿದುಕೊಂಡೇ ಹಿಂದಿನ ಬಾಗಿಲು ತೆಗೆದರು. ಗಂಡ ಕಿರುಚಿ ನಿಲ್ಲಿಸಬೇಕಾಯಿತು. ಅಪ್ಪ ಅಮ್ಮ ಬಂದಾಗ ಕಾರು ಹತ್ತಿಸುವ ಮೊದಲು ಈ ಮಾತು ಹೇಳಿಬಿಡು.

ಇನ್ನೊಂದು, ನಮ್ಮ ತಲೆಯಾಡಿಸುವ ಅಭ್ಯಾಸ. ಕಾರಿನಲ್ಲಿ ಆಯುಧ ಇದೆಯಾ ಅಂತ ಅವರು ಕೇಳಿದಾಗ ನೀನು ನಮ್ಮ ಕ್ರಮದಲ್ಲಿ ತಲೆ ಓಲಾಡಿಸಿದರೆ ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಬಾಯಿಬಿಟ್ಟು ಯೆಸ್ ಅಥವಾ ನೋ ಅನ್ನು. ಪಕ್ಕದಲ್ಲಿ ಕೂತವನ ಕೈಯೂ ಕಾಣಬೇಕು, ತೊಡೆಯ ಮೇಲಿಟ್ಟುಕೋ. ಹೆದ್ದಾರಿಯಲ್ಲಿ ಅವರು ಎಷ್ಟೋ ಸಲ ನಿನ್ನ ಕಡೆಯ ಕಿಟಕಿಗೇ ಬರುತ್ತಾರೆ. ಆ ಹೊತ್ತಿನಲ್ಲಿ ಕನ್ನಡದಲ್ಲಿ ಪಿಸುಮಾತೂ ಬೇಡ, ಫೋನ್ ತೆಗೆಯುವುದೂ ಬೇಡ.

ಗೆಳೆಯನ ಕಾರು ಬಿಡಬೇಕಾಗಿಲ್ಲ. ಅವನ ಸೊಂಟದ ಪಿಸ್ತೂಲ್ ಅವನದ್ದು. ಆದರೆ ಸ್ವಲ್ಪ ಹಿಡಿದುಕೋ ಅಂದರೆ ಕೈ ಚಾಚಬೇಡ. ಅವನ ಕಾರನ್ನು ನೀನು ಓಡಿಸುವ ದಿನ ಅದು ಗ್ಲವ್ ಬಾಕ್ಸಿನಲ್ಲಾಗಲಿ ಸೀಟಿನ ಕೆಳಗಾಗಲಿ ಇರಕೂಡದು. ಒಂದು ಬಿಯರ್ ಕುಡಿದಿದ್ದರೂ ಅವನು ಅದನ್ನು ಇಟ್ಟುಕೊಳ್ಳುವಂತಿಲ್ಲ, ಅದು ಈ ರಾಜ್ಯದ ಕಾನೂನು. ಅಂಥ ರಾತ್ರಿ ಊಬರ್ ಹಿಡಿ. ಯುಗಾದಿ ಕಾರ್ಯಕ್ರಮ ಯಾವುದಾದರೂ ಹೈಸ್ಕೂಲ್ ಸಭಾಂಗಣದಲ್ಲಿ ಇದ್ದು, ಅವನನ್ನೂ ಕರೆಯುತ್ತೀಯ ಅಂತಾದರೆ ಮೊದಲೇ ತಿಳಿಸು. ಶಾಲೆಯೊಳಕ್ಕೆ ಪಿಸ್ತೂಲ್ ತಂದರೆ ಪರ್ಮಿಟ್ ಇದ್ದರೂ ದೊಡ್ಡ ಅಪರಾಧ.

ಸೋಮವಾರ ಅವನ ಕಾರು ಹತ್ತಿದಾಗ ರಿಜಿಸ್ಟ್ರೇಷನ್ ಕಾಗದ ಎಲ್ಲಿಟ್ಟಿದ್ದೀಯ ಅಂತ ಕೇಳು. ಗ್ಲವ್ ಬಾಕ್ಸ್ ಅಂದರೆ, ಹೊರಡುವ ಮೊದಲೇ ತೆಗೆದು ಸನ್ ವೈಸರ್‌ಗೆ ಸಿಕ್ಕಿಸಲು ಹೇಳು.