ಕಾನೂನು ಪ್ರಶ್ನೋತ್ತರ: ಕೆಲಸ ಬಿಟ್ಟವರ ಮೇಲೆ ತಡೆಯಾಜ್ಞೆ

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು, ನೋಟಿಸ್ ಅವಧಿ ಮುಗಿಸಿ, ರಿಲೀವಿಂಗ್ ಲೆಟರ್ ಪಡೆದೇ ಹೊರಬಂದೆ. ಒಂದು ವರ್ಷ ಎದುರಾಳಿ ಕಂಪನಿ ಸೇರುವಂತಿಲ್ಲವೆಂಬ ಷರತ್ತಿಗೆ ಸಹಿ ಹಾಕಿದ್ದೆ. ಸೇರಿದರೆ ಕೋರ್ಟಿನಿಂದ ತಡೆಯಾಜ್ಞೆ ತರುತ್ತೇವೆ ಎಂದು ಈಗ ಮೇಲ್ ಬಂದಿದೆ. ಏನು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹಳೆಯ ಕಂಪನಿಯ ಕೋಡ್, ಫೈಲು, ಗ್ರಾಹಕರ ಪಟ್ಟಿ ಯಾವುದನ್ನೂ ತಂದಿಲ್ಲವಾದರೆ ಧೈರ್ಯವಾಗಿ ಸೇರಿಕೊಳ್ಳಿ. 1872ರ ಒಪ್ಪಂದ ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬರ ದುಡಿಮೆಗೆ ಅಡ್ಡಬರುವ ಕರಾರು ಆ ಮಟ್ಟಿಗೆ ಅಸಿಂಧು. ಒಂದು ವರ್ಷ ಹೆಚ್ಚಾಯಿತೇ, ಮೂರು ತಿಂಗಳಾದರೆ ಸರಿಯೇ ಎಂದು ತೂಗಿ ನೋಡುವುದು ಇಂಗ್ಲೆಂಡಿನ ಪದ್ಧತಿ. ಕೆಲಸ ಬಿಟ್ಟ ಮೇಲಿನ ನಿರ್ಬಂಧಕ್ಕೆ ನಮ್ಮಲ್ಲಿ ಅದು ನಡೆಯದು. ಕಂಪನಿಯವರು ಸುಪ್ರೀಂ ಕೋರ್ಟಿನ 1967ರ ಗೋಲಿಕರಿ ತೀರ್ಪನ್ನು ಮುಂದಿಟ್ಟು ಹೆದರಿಸಬಹುದು. ಅಲ್ಲಿ ನೌಕರ ಐದು ವರ್ಷದ ಕರಾರಿನ ನಡುವೆಯೇ ಎದುರಾಳಿ ಕಾರ್ಖಾನೆಗೆ ಹೋಗಿದ್ದರು, ಉಳಿದ ಅವಧಿಗಷ್ಟೇ ತಡೆ ಸಿಕ್ಕಿತು. ನಿಮ್ಮ ಕರಾರು ಮುಗಿದೇ ಹೋಗಿದೆ. ಬಾಂಡ್ ಹಣದ ಮಾತು ಮಾತ್ರ ಬೇರೆ: ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿದಿದೆ.

ಆದರೂ ಕೈಕಟ್ಟಿ ಕೂರಬೇಡಿ. ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯ ಆದೇಶ ಬಂದರೆ, ಅದು ತೆರವಾಗುವಷ್ಟರಲ್ಲಿ ಹೊಸ ಕೆಲಸ ಕೈತಪ್ಪಬಹುದು. ಅದಕ್ಕೆ ಇವತ್ತೇ ಕೇವಿಯಟ್ ಹಾಕಿಸಿ, ಅಂದರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮುಂಚಿತವಾಗಿ ಕೊಡುವ ಅರ್ಜಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಅಡಿ ಅದು 90 ದಿನ ಜಾರಿಯಲ್ಲಿರುತ್ತದೆ, ಮುಗಿದರೆ ಹೊಸದು ಹಾಕಬೇಕು. ನೋಟಿಸನ್ನು ಕಂಪನಿಗೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ (ಈಗ ನೋಂದಣಿ ಸಹಿತ ಸ್ಪೀಡ್ ಪೋಸ್ಟ್) ಕಳಿಸಿ, ರಸೀದಿ ಜೋಪಾನ ಮಾಡಿ.

ಕೇವಿಯಟ್ ಕೆಡುವುದು ಹೆಸರಿನಲ್ಲಿ. ದಾವೆ ಬಂದಾಗ ಕೋರ್ಟ್ ಕಚೇರಿಯವರು ಹೆಸರು ತಾಳೆ ಹಾಕಿ ನೋಡುತ್ತಾರೆ. ನೇಮಕಾತಿ ಪತ್ರದಲ್ಲಿ ಒಂದು ಪ್ರೈವೇಟ್ ಲಿಮಿಟೆಡ್, ಸಂಬಳದ ಚೀಟಿಯಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಬರೆಸಿ. ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಕಣ್ತಪ್ಪಿ ಹೋಗುತ್ತದೆ. ಮುಂಬೈ ಕೋರ್ಟಿಗಷ್ಟೇ ಅಧಿಕಾರ ಎಂದು ಕರಾರಿನಲ್ಲಿದ್ದರೆ ಬೆಂಗಳೂರಿನ ಕೇವಿಯಟ್ ನಂಬಿ ಕೂರಬೇಡಿ, ಅಲ್ಲೂ ಹಾಕಿಸಿ. ಇಂಥ ಷರತ್ತು ಉದ್ಯೋಗ ಕರಾರಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಪಂಚಾಯ್ತಿ ಷರತ್ತಿದ್ದರೆ, ಅಂದರೆ ಆರ್ಬಿಟ್ರೇಷನ್, ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಂ ಅಡಿ ಮಧ್ಯಂತರ ತಡೆ ಕೋರುವ ಅರ್ಜಿಯನ್ನೂ ಕೇವಿಯಟ್‌ನಲ್ಲಿ ನಮೂದಿಸಿ.

ಇಷ್ಟಾಗಿಯೂ ಏಕಪಕ್ಷೀಯ ಆದೇಶ ಕೈಗೆ ಬಂತೆನ್ನಿ. ಲಕೋಟೆಯನ್ನು ಎಸೆಯಬೇಡಿ. ಆದೇಶ ಸಿಕ್ಕ ಕೂಡಲೇ ಕಂಪನಿಯವರು ದಾವೆ, ಅರ್ಜಿ, ಅಫಿಡವಿಟ್, ದಾಖಲೆಗಳ ಪ್ರತಿ ನಿಮಗೆ ಕಳಿಸಿ, ಅಂದೇ ಅಥವಾ ಮರುದಿನ ಹಾಗೆ ಕಳಿಸಿದ್ದಕ್ಕೆ ಕೋರ್ಟಿಗೆ ಅಫಿಡವಿಟ್ ಕೊಡಬೇಕೆಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3ರ ಕಟ್ಟಳೆ. ಅಂಚೆ ಮುದ್ರೆಯ ತಾರೀಖು ಆದೇಶಕ್ಕಿಂತ ವಾರ ತಡವಾಗಿದ್ದರೆ, ನಿಯಮ 4ರ ತೆರವು ಅರ್ಜಿಗೆ ಅದೇ ಒಳ್ಳೆಯ ಆಧಾರ. ತೆರವಾಗುವವರೆಗೆ ಆದೇಶ ಮೀರಬೇಡಿ. ಮೀರಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು ಉಂಟು.

ಪ್ರಶ್ನೆ: ನಮ್ಮ ಮಾರಾಟ ಮ್ಯಾನೇಜರ್ ಡ್ರಾಯಿಂಗ್, ಬೆಲೆಪಟ್ಟಿಗಳನ್ನು ತನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡು ಎದುರಾಳಿ ಕಾರ್ಖಾನೆ ಸೇರಿದ್ದಾನೆ. ತುರ್ತಾಗಿ ತಡೆಯಬಹುದೇ?
— ಸಣ್ಣ ಕೈಗಾರಿಕೆ ಮಾಲೀಕರು, ಪೀಣ್ಯ

ಉತ್ತರ: ಆತನ ನೌಕರಿಯನ್ನು ತಡೆಯಲಾಗದು, ಕದ್ದ ಮಾಲಿನ ಬಳಕೆಯನ್ನು ತಡೆಯಬಹುದು. ಕೋರಿಕೆಯಲ್ಲಿ ‘ಅಲ್ಲಿ ಕೆಲಸ ಮಾಡಬಾರದು’ ಎಂದು ಬರೆಸಿದರೆ 27ನೇ ಕಲಂ ಎದುರು ಬರುತ್ತದೆ. ಇಂತಿಂಥ ಫೈಲು ಬಳಸಬಾರದು, ಯಾರಿಗೂ ಕೊಡಬಾರದು, ಪ್ರತಿಗಳೆಲ್ಲಿವೆ ಎಂದು ಅಫಿಡವಿಟ್‌ನಲ್ಲಿ ಹೇಳಬೇಕು ಎಂದು ಕೇಳಿ. ‘ಗೌಪ್ಯ ಮಾಹಿತಿ’ ಎಂಬ ಬೀಸು ಮಾತು ಸಾಲದು: ಡ್ರಾಯಿಂಗ್ ಸಂಖ್ಯೆ, ಫೈಲಿನ ಹೆಸರು, ಮೇಲ್ ಹೋದ ದಿನ, ವೇಳೆ, ನಿಮ್ಮಲ್ಲಿ ಅದನ್ನು ಯಾರ್ಯಾರು ನೋಡಬಹುದಿತ್ತು ಎಂಬುದೆಲ್ಲ ಪಟ್ಟಿಯಾಗಿರಲಿ. ಯಾರಿಗಾದರೂ ಇಂಟರ್‌ನೆಟ್‌ನಲ್ಲಿ ಸಿಗುವ ಗ್ರಾಹಕರ ಹೆಸರನ್ನು ಗುಟ್ಟು ಎಂದರೆ ಉಳಿದ ಪಟ್ಟಿಯ ತೂಕವೂ ಇಳಿಯುತ್ತದೆ.

ದಿನ ಕಳೆದಷ್ಟೂ ‘ತುರ್ತು’ ಎಂಬ ಮಾತು ಸವೆಯುತ್ತದೆ. ವಿಷಯ ಗೊತ್ತಾಗಿ ಮೂರು ತಿಂಗಳ ಮೇಲೆ ಹೋದರೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬುದೇ ಮೊದಲ ಪ್ರಶ್ನೆ. ಮೇಲ್ ಲಾಗ್‌ಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ನಿಮ್ಮ ಕಡೆಯವರ ಸಹಿ, ಇನ್ನೊಂದಕ್ಕೆ ತಜ್ಞರದು, ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು ಸಂಕೇತ. ಆತ ವಾಪಸು ಕೊಟ್ಟ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿ ಹೊಸಬರ ಕೈಗೆ ಕೊಡಬೇಡಿ; ಆಫ್ ಮಾಡಿ, ಮೊಹರು ಹಾಕಿ, ಬೀರುವಿನಲ್ಲಿಡಿ.